ಅಂಟಿಕೊಂಡ ಪುಟ

ಸೆಪ್ಟೆಂಬರ್ ೮, ಸೋಮವಾರ

ಇಪ್ಪತ್ತಾರು ವರ್ಷ ಏಳನೇ ತರಗತಿಗೆ ಗಣಿತ ಹೇಳಿದವಳನ್ನು ಇವತ್ತು ಎರಡನೇ ತರಗತಿಯ ಕುರ್ಚಿಯಲ್ಲಿ ಕೂರಿಸಿದರು. ಅದನ್ನು ಕುರ್ಚಿ ಎನ್ನುವುದೂ ದೊಡ್ಡ ಮಾತು. ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತದೆ, ಏಳಬೇಕೆಂದರೆ ಯಾರಾದರೂ ಕೈ ಕೊಡಬೇಕು.

ಎರಡನೇ ತರಗತಿಯ ಟೀಚರ್ ಹೆರಿಗೆ ರಜೆಗೆ ಹೋದಳು. ಗಣಿತಕ್ಕೆ ಹೊಸಬನೊಬ್ಬ ಬಂದಿದ್ದಾನೆ, ಚಿಕ್ಕ ಮಕ್ಕಳನ್ನು ಕಂಡರೆ ಅವನಿಗೆ ಬೆವರು ಕಿತ್ತುಕೊಂಡು ಬರುತ್ತದಂತೆ. ಹಾಗಾಗಿ ನಾನು. ಹೆಡ್‌ಮಿಸ್ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ಪೆನ್ನುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಆಕೆ ನನ್ನ ಹಳೆಯ ವಿದ್ಯಾರ್ಥಿನಿ. ಭಾಗಾಕಾರ ಮಾಡಿದರೆ ಶೇಷ ಬರೆಯುವುದನ್ನು ಯಾವಾಗಲೂ ಮರೆಯುತ್ತಿದ್ದಳು. ಈಗ ನನ್ನನ್ನೇ ಶೇಷ ಮಾಡಿ ಪಕ್ಕಕ್ಕೆ ಬರೆದಿದ್ದಾಳೆ.

ಮನೆಗೆ ಬಂದವಳೇ ಅರ್ಜಿ ಬರೆದೆ. ಅರ್ಧ ವರ್ಷ ಮುಗಿದ ಕೂಡಲೇ ನನ್ನನ್ನು ಗಣಿತಕ್ಕೇ ಮರಳಿಸಬೇಕು ಎಂದು. ನವೆಂಬರ್ ಏಳರೊಳಗೆ ಕೊಟ್ಟರೆ ಸಾಕಂತೆ. ಇವತ್ತೇ ಕೊಟ್ಟರೆ ಮುನಿಸಿಕೊಂಡ ಹಾಗೆ ಕಾಣುತ್ತದೆ, ಡ್ರಾಯರಿನಲ್ಲಿ ಇಟ್ಟಿದ್ದೇನೆ. ಮುನಿಸಿಕೊಂಡಿದ್ದೇನೆ ಎನ್ನುವುದು ಬೇರೆ ವಿಷಯ.

ಇವರಿಗೆ ಹೇಳಿದರೆ “ಹೂಂ” ಎಂದರು. ಕಣ್ಣು ಮಂಜಾಯಿತೆಂದು ಇವರು ಟೈಲರಿಂಗ್ ಅಂಗಡಿ ಮುಚ್ಚಿ ಮೂರು ತಿಂಗಳಾಯಿತು, ಟೇಪು ಮಾತ್ರ ಇನ್ನೂ ಕೊರಳಿಂದ ಇಳಿದಿಲ್ಲ. ಬೆಳಗಿನಿಂದ ಸಂಜೆವರೆಗೆ ಕಿಟಕಿಯ ಪಕ್ಕ ಕೂತು ಎಲ್ಲಕ್ಕೂ “ಹೂಂ” ಅನ್ನುತ್ತಾರೆ. ಗೋಡೆಯ ಜೊತೆ ಸಂಸಾರ ಮಾಡಿದ ಹಾಗಿದೆ.

ಸೆಪ್ಟೆಂಬರ್ ೧೨, ಶುಕ್ರವಾರ

ಶುಕ್ರವಾರದ ಕೊನೆಯ ಪಿರಿಯಡ್ಡಿನ ಹೆಸರು ‘ಓದು ಮತ್ತು ಭಾವನೆ’. ರಜೆಗೆ ಹೋದ ಟೀಚರ್ ಒಂದು ಚಿತ್ರಪುಸ್ತಕವನ್ನೂ ಒಂದು ಚೀಟಿಯನ್ನೂ ಬಿಟ್ಟು ಹೋಗಿದ್ದಾಳೆ. ಎಲೆ ಉದುರುವ ಕಾಲ ಮುಗಿಯುವವರೆಗೆ ಇದೇ ಪುಸ್ತಕವಂತೆ, ಪ್ರತಿ ಪುಟಕ್ಕೂ ನಿಂತು ‘ಇಲ್ಲಿ ಇವರಿಗೆ ಏನನ್ನಿಸಿತು?’ ಎಂದು ಕೇಳಬೇಕಂತೆ. ಏಳು ಎಂಟಲೇ ಎಷ್ಟು ಎಂದು ಕೇಳಿದರೆ ಒಂದೇ ಉತ್ತರ. ಏನನ್ನಿಸಿತು ಎಂದರೆ ಮೂವತ್ತೊಂದು ಮಕ್ಕಳಿಗೆ ಮೂವತ್ತೊಂದು ಉತ್ತರ, ಒಂದನ್ನೂ ತಿದ್ದುವಂತಿಲ್ಲ.

ಕಥೆ ಇಷ್ಟೇ. ಒಂದು ಕಾಗೆಯ ಗೂಡು ತೀರಾ ಅಡ್ಡಾದಿಡ್ಡಿ. ಮರದ ತುಂಬ ಎಲೆ ಇರುವಷ್ಟು ದಿನ ಯಾರಿಗೂ ಕಾಣುವುದಿಲ್ಲ. ಗಾಳಿ ಬಂದು ಎಲೆ ಉದುರತೊಡಗಿದಾಗ ಕಾಗೆಗೆ ಗಾಬರಿ. ಬಿದ್ದ ಎಲೆಗಳನ್ನೆಲ್ಲ ಹೆಕ್ಕಿ ತಂದು ಅಂಟಿನಿಂದ ಕೊಂಬೆಗೆ ಅಂಟಿಸುತ್ತದೆ. ಅಂಟಿಸಿದಷ್ಟೂ ಬೀಳುತ್ತವೆ. ಕೊನೆಗೆ ಮರ ಬೋಳಾಗಿ ಗೂಡು ಎಲ್ಲರಿಗೂ ಕಾಣುತ್ತದೆ. ಆಗ ಚಳಿಯಲ್ಲಿ ನಡುಗುತ್ತಿದ್ದ ಗುಬ್ಬಿಗಳು ಬಂದು, ಇಷ್ಟು ದೊಡ್ಡ ಗೂಡಿದೆ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತವೆ.

ಕಾಗೆಗೆ ಏನನ್ನಿಸಿತು ಎಂದು ಕೇಳಿದೆ. ಹಸಿವಾಯಿತು ಎಂದ ಒಬ್ಬ. ಅಂಟು ಎಲ್ಲಿ ಸಿಕ್ಕಿತು ಎಂದು ಕೇಳಿದಳು ಮುಂದಿನ ಬೆಂಚಿನ ಹುಡುಗಿ. ಇವಳ ಬಾಯಿಂದ ಪ್ರಶ್ನೆ ಬಿಟ್ಟು ಬೇರೇನೂ ಬಂದದ್ದನ್ನು ನಾನು ಕೇಳಿಲ್ಲ, ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದೇನೆ. ಗೋಡೆಯ ಪಕ್ಕ ಕೂರುವ ಎರಡುಜಡೆ ಬಾಯಿ ಬಿಡಲಿಲ್ಲ. ಚಿತ್ರಗಳನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಸೆಪ್ಟೆಂಬರ್ ೧೯, ಶುಕ್ರವಾರ

ಚೀಟಿಯ ಎರಡನೇ ಅಪ್ಪಣೆ: ಗೋಡೆಗೆ ಒಂದು ಬೋಳು ಮರ ಅಂಟಿಸಬೇಕು. ಬೆಳಗ್ಗೆ ಬಂದ ಕೂಡಲೇ ಪ್ರತಿ ಮಗುವೂ ಒಂದು ಕಾಗದದ ಎಲೆಯ ಮೇಲೆ ತನಗೆ ಹೇಗನ್ನಿಸುತ್ತಿದೆ ಎಂದು ಬರೆದು ತೂಗುಹಾಕಬೇಕು. ಸಂಜೆ ಎಲೆಗಳೆಲ್ಲ ಬುಟ್ಟಿಗೆ ಉದುರಬೇಕು, ಮರುದಿನ ಹೊಸ ಎಲೆ. ದಿನಕ್ಕೆ ಮೂವತ್ತೊಂದು ಎಲೆ ಕತ್ತರಿಸುವವರು ಯಾರು ಎನ್ನುವುದು ಚೀಟಿಯಲ್ಲಿ ಇರಲಿಲ್ಲ.

ನಿನ್ನೆ ಅಡುಗೆಮನೆಯಲ್ಲಿ ಕೂತು ಗೊಣಗಿಕೊಂಡು ಕತ್ತರಿಸುತ್ತಿದ್ದೆ. ಇವರು ಬಂದು ನಿಂತು ನೋಡಿದರು, ನನ್ನ ಕೈಯಿಂದ ಕತ್ತರಿ ತೆಗೆದುಕೊಂಡರು. ಇದು ಎಲೆಯಾ ಬದನೆಕಾಯಾ ಎಂದರು. ಅಟ್ಟದ ಮೇಲಿಂದ ಅಂಗಡಿಯ ಕಂದು ಕಾಗದದ ಸುರುಳಿ ಇಳಿಸಿದರು, ಅಂಗಿಯ ಅಳತೆ ಗೀಚಿ ಕತ್ತರಿಸುತ್ತಿದ್ದರಲ್ಲ, ಅದು. ನಾಲ್ಕು ಮಡಿಕೆ ಮಡಿಚಿ ಒಂದು ಸುತ್ತು ಕತ್ತರಿ ಓಡಿಸಿದರೆ ನಾಲ್ಕು ಎಲೆ. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದು, ಆದರೆ ಕತ್ತರಿ ಹಿಡಿದರೆ ಬೆರಳಿಗೇ ಕಣ್ಣು ಬರುತ್ತದೆ ಇವರಿಗೆ. ಕೆಲವು ಎಲೆಗಳಲ್ಲಿ ಯಾರದೋ ಕಾಲರಿನ ಗೆರೆ ಇನ್ನೂ ಉಳಿದಿದೆ.

ಮಕ್ಕಳು ಬರೆದರು. ಮಿಸ್ ಎಲೆ ಎಲ್ಲಿ ಎಂದು ಪ್ರಶ್ನೆಪತ್ರಿಕೆ ಕೇಳಿದಳು. ‘ಚೆನ್ನಾಗಿದ್ದೇನೆ’ ಎಂದು ಬರೆದು ತೂಗುಹಾಕಿದೆ. ಇಡೀ ವಾರಕ್ಕೆ ಸಾಕಾಗುತ್ತದೆ. ಎರಡುಜಡೆ ‘ಖುಷಿ’ ಎಂದು ಬರೆದಿದ್ದಳು. ಬರೆಯುವಾಗ ಪಕ್ಕದವಳ ಎಲೆಯ ಮೇಲೆ ಎರಡು ಸಲ ಕಣ್ಣು ಹೋದದ್ದನ್ನು ನೋಡಿದೆ. ಅದಕ್ಕೆ ಅಷ್ಟು ಮಹತ್ವ ಕೊಡಲಿಲ್ಲ.

ಸೆಪ್ಟೆಂಬರ್ ೨೯, ಸೋಮವಾರ

ನವೆಂಬರ್ ಆರಕ್ಕೆ ಓದಿನ ಪರೀಕ್ಷೆ. ಕಚೇರಿಯಿಂದ ಪರೀಕ್ಷಕರು ಬಂದು, ಮಕ್ಕಳು ಹಿಂದೆ ನೋಡಿರದ ಪುಸ್ತಕ ಕೊಟ್ಟು ಓದಿಸುತ್ತಾರೆ. ಓದಲು ಬಾರದವರನ್ನು ಒಂದನೇ ತರಗತಿಗೆ ಇಳಿಸುತ್ತಾರೆ. ಹಿಂದಿನ ಟೀಚರ್ ಕೊಟ್ಟ ಪಟ್ಟಿಯಲ್ಲಿ ಅನುಮಾನದ ಹೆಸರು ಒಂದೇ, ಎರಡುಜಡೆಯದು. ಒಂದನೇ ತರಗತಿಯಲ್ಲಿ ಅವಳ ತಂಗಿ ಇದ್ದಾಳೆ. ಇಳಿಸಿದರೆ ತಂಗಿಯ ಪಕ್ಕವೇ ಕೂರಬೇಕು.

ಬಿಡುವಿನಲ್ಲಿ ಕರೆದು ಕಾಗೆಯ ಪುಸ್ತಕ ಕೈಗೆ ಕೊಟ್ಟೆ. ಮೊದಲ ಪುಟದಿಂದ ಕೊನೆಯವರೆಗೆ ಒಂದು ಅಕ್ಷರ ತಪ್ಪದೆ ಓದಿದಳು. ಒತ್ತಕ್ಷರ ಬಂದರೂ ಎಡವಲಿಲ್ಲ. ಕಾಗೆಯ ಮಾತಿಗೆ ಒಂದು ದನಿ, ಗುಬ್ಬಿಗೆ ಇನ್ನೊಂದು. ನಾನು ಕತ್ತೆತ್ತಿ ನಡೆದು ಹೋಗಿ ಹೆಡ್‌ಮಿಸ್‌ಗೆ ಹೇಳಿಬಂದೆ, ನಿಮ್ಮ ಟೀಚರ್ ಮೂರು ತಿಂಗಳಲ್ಲಿ ಮಾಡಲಾಗದ್ದನ್ನು ನಾನು ಮೂರು ವಾರದಲ್ಲಿ ಮಾಡಿದ್ದೇನೆ ಎಂದು. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಶಾಯಿಯಲ್ಲಿ ‘ಚೆನ್ನಾಗಿ ಓದುತ್ತಾಳೆ’ ಎಂದು ಬರೆದು ಸಹಿ ಹಾಕಿದೆ. ಗಣಿತವಾದರೇನು, ಓದಾದರೇನು, ಶಿಸ್ತು ಮುಖ್ಯ.

ಅಕ್ಟೋಬರ್ ೩, ಶುಕ್ರವಾರ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಹೆಡ್‌ಮಿಸ್ ತರಗತಿಗೆ ಬಂದಳು, ಎರಡುಜಡೆಯ ಓದು ಕೇಳಬೇಕೆಂದು. ಎಲ್ಲ ಮಕ್ಕಳ ಮುಂದೆ ನಿಲ್ಲಿಸಿದೆ. ಆರು ಪುಟ ಮುತ್ತು ಪೋಣಿಸಿದ ಹಾಗೆ ಓದಿದಳು. ಆರನೇ ಪುಟ ಮಗುಚಿದಾಗ ಏಳೂ ಎಂಟೂ ಒಟ್ಟಿಗೆ ಮಗುಚಿದವು. ಮೊನ್ನೆ ಯಾರೋ ಕಾಗೆಯ ಹಾಗೆ ಮಾಡುತ್ತೇವೆಂದು ನಿಜವಾದ ಎಲೆಯೊಂದನ್ನು ಪುಸ್ತಕಕ್ಕೇ ಅಂಟಿಸಿದ್ದರು, ಆ ಎರಡು ಪುಟಗಳು ಕಚ್ಚಿಕೊಂಡಿದ್ದವು. ಅವಳ ಕಣ್ಣೆದುರಿಗೆ ಇದ್ದದ್ದು ಬೋಳು ಮರದ ಪುಟ. ಅವಳ ಬಾಯಿಂದ ಬಂದದ್ದು ಕಾಗೆ ಅಂಟು ಹುಡುಕಿಕೊಂಡು ಹೋದ ಪುಟ. ಬೆರಳು ಸಾಲಿನ ಮೇಲೆ ಓಡುತ್ತಲೇ ಇತ್ತು.

ಮುಂದಿನ ಬೆಂಚಿನವರು ಮೊದಲು ನಕ್ಕರು, ಆಮೇಲೆ ಎಲ್ಲರೂ. ಅವಳಿಗೆ ಓದಲು ಬರುವುದೇ ಇಲ್ಲ. ನಾನು ಮೂರು ಸಲ ಓದಿ ಹೇಳಿದ್ದನ್ನು ಕೇಳಿ ಪುಸ್ತಕ ಪೂರ್ತಿ ಬಾಯಿಪಾಠ ಮಾಡಿಕೊಂಡಿದ್ದಾಳೆ. ಹೆಡ್‌ಮಿಸ್ ನನ್ನ ಕಡೆ ನೋಡಿದಳು. ಆ ನೋಟಕ್ಕೆ ನನ್ನ ಮೈ ಉರಿದುಹೋಯಿತು.

“ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದ್ಯಾ?” ಎಂದೆ. ಮೆಲ್ಲಗೆ ಅಲ್ಲ. ಏಳನೇ ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ.

ಎರಡುಜಡೆ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, ಅಂಚು ಸರಿಮಾಡಿ, ತನ್ನ ಜಾಗಕ್ಕೆ ಹೋಗಿ ಕೂತಳು.

ಅಕ್ಟೋಬರ್ ೬, ಸೋಮವಾರ

ಬಂದಿಲ್ಲ.

ಅಕ್ಟೋಬರ್ ೭, ಮಂಗಳವಾರ

ಇವತ್ತೂ ಬರಲಿಲ್ಲ. ಮಧ್ಯಾಹ್ನ ಅವಳ ತಾಯಿ ಬಂದಳು. ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಬೆರಳ ತುದಿಗಳು ಸುಟ್ಟು ನುಣುಪಾಗಿವೆ. ಕೂರಿ ಎಂದೆ, ಕೂರಲಿಲ್ಲ.

ಅವಳಿಗೂ ಓದು ಬರುವುದಿಲ್ಲವಂತೆ. ಲಾಂಡ್ರಿಯಲ್ಲಿ ಟೋಕನ್ನಿನ ಬಣ್ಣ, ಬಟ್ಟೆಯ ಗುಂಡಿ, ಹೊಲಿಗೆ ನೋಡಿ ಇದು ಯಾರದು ಎಂದು ಹೇಳುತ್ತಾಳೆ. ಹದಿನೈದು ವರ್ಷದಲ್ಲಿ ಒಂದು ಅಂಗಿಯೂ ಅದಲುಬದಲಾಗಿಲ್ಲ, ಓದು ಬಾರದೆಂದು ಮಾಲೀಕರಿಗೆ ಇವತ್ತಿಗೂ ಗೊತ್ತಿಲ್ಲ. ಮಗಳು ಇದನ್ನು ನೋಡಿಯೇ ಕಲಿತಳು ಎಂದಳು.

“ಅವ್ಳು ನಿಮಗೆ ಮೋಸ ಮಾಡಿಲ್ಲ ಮಿಸ್. ನೀವು ಬೈಬಾರ್ದು ಅಂತ ಅಷ್ಟು ಕಷ್ಟಪಟ್ಟು ನೆನಪಿಟ್ಕೊಂಡಿದ್ಲು. ನಂಗೆ ಗೊತ್ತು, ಅದು ಓದೋದಕ್ಕಿಂತ ಕಷ್ಟ.”

ನಾಳೆ ಕಳಿಸಿ ಎಂದಷ್ಟೇ ಹೇಳಿದೆ.

ರಿಜಿಸ್ಟರಿನ ಸಾಲು ಹೊಡೆದುಹಾಕಬೇಕು ಎಂದು ಹೆಡ್‌ಮಿಸ್ ಹತ್ತಿರ ಹೋದೆ. ಶುಕ್ರವಾರದ ವಿಷಯ ಆಕೆಯಾಗಿ ಎತ್ತಲಿಲ್ಲ. ನಾನೇ ಎತ್ತಿದೆ. ಆಗ ಆಕೆ ಪೆನ್ನು ಜೋಡಿಸುವುದನ್ನು ನಿಲ್ಲಿಸಿ, ಏಳನೇ ತರಗತಿಯಲ್ಲಿ ಪ್ರತಿ ಮಂಗಳವಾರ ತನಗೆ ಹೊಟ್ಟೆನೋವು ಬರುತ್ತಿತ್ತು, ನೆನಪಿದೆಯಾ ಎಂದು ಕೇಳಿದಳು. ಚೆನ್ನಾಗಿ ನೆನಪಿದೆ. ಹೊರಗಿನ ಬೆಂಚಿನ ಮೇಲೆ ಮಲಗಿಸುತ್ತಿದ್ದೆ. ಮಂಗಳವಾರ ಬಾಯಿಲೆಕ್ಕದ ದಿನ.

“ಹೊಟ್ಟೆ ನೋಯ್ತಾ ಇರ್ಲಿಲ್ಲ ಮಿಸ್. ನಿಮ್ಮನ್ನ ಕಂಡ್ರೆ ಭಯ ಆಗ್ತಿತ್ತು,” ಎಂದಳು. ದೂರುವ ದನಿಯಲ್ಲಿ ಅಲ್ಲ. ಹಳೆಯ ಫೋಟೊ ತೋರಿಸುವ ಹಾಗೆ.

ನನ್ನ ತರಗತಿಯಲ್ಲಿ ಗದ್ದಲ ಇರುವುದಿಲ್ಲ ಎಂದು ಎಲ್ಲರಲ್ಲೂ ಹೇಳಿಕೊಂಡು ತಿರುಗಿದವಳು ನಾನು.

ಅಕ್ಟೋಬರ್ ೮, ಬುಧವಾರ

ಬಂದಳು. ಗೋಡೆಗೆ ಇನ್ನಷ್ಟು ಒತ್ತಿಕೊಂಡು ಕೂತಳು.

ನಾನು ಎಲ್ಲರಿಗಿಂತ ಮೊದಲು ಹೋಗಿ ಮರಕ್ಕೆ ಎಲೆ ತೂಗುಹಾಕಿದ್ದೆ. ‘ಚೆನ್ನಾಗಿದ್ದೇನೆ’ ಅಲ್ಲ. ಮಕ್ಕಳು ಓದಿ ಗುಂಪುಗೂಡಿ ಪಿಸುಗುಟ್ಟಿದರು. ಪ್ರಶ್ನೆಪತ್ರಿಕೆ ಯಾಕೆ ಎಂದು ಕೇಳಿದಳು. ಯಾರೂ ಇದನ್ನು ಗಟ್ಟಿಯಾಗಿ ಓದುವ ಹಾಗಿಲ್ಲ, ಬೇಕಾದವರು ಹೋಗಿ ನೋಡಿಕೊಳ್ಳಲಿ ಎಂದು ಅವಳ ಬಾಯಿ ಮುಚ್ಚಿಸಿದೆ. ಎರಡುಜಡೆ ದಿನವಿಡೀ ಆ ಎಲೆಯನ್ನು ದೂರದಿಂದ ನೋಡಿದಳು. ಉಳಿದವರಿಗೆ ತಿಳಿದಿದ್ದು ತನಗೆ ತಿಳಿದಿಲ್ಲ, ಬಾಯಿಪಾಠ ಮಾಡೋಣವೆಂದರೆ ಯಾರೂ ಹೇಳುತ್ತಿಲ್ಲ. ಅವಳ ಚಡಪಡಿಕೆ ನನಗೆ ಕಾಣುತ್ತಿತ್ತು.

ಗಂಟೆ ಹೊಡೆದು ಎಲ್ಲರೂ ಓಡಿದರು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಮರದ ಹತ್ತಿರ ನಿಂತಳು. ನಾನು ಹೋಗಿ ಆ ಸಣ್ಣ ಕುರ್ಚಿಯಲ್ಲಿ ಕೂತೆ. ಮೊದಲ ಅಕ್ಷರ ಯಾವುದು ಎಂದು ಕೇಳಿದೆ. ಗೊತ್ತಿತ್ತು, ‘ನಾ’. ಎರಡನೆಯದಕ್ಕೆ ತುಂಬ ಹೊತ್ತು ಹಿಡಿಯಿತು. ಮೂರನೆಯದನ್ನು ಬೆರಳಿನಿಂದ ಗಾಳಿಯಲ್ಲಿ ತಿದ್ದಿ ನೋಡಿದಳು. ಕೂಡಿಸಿಕೊಂಡು ಒಂದು ಸಲ ಒಳಗೇ ಹೇಳಿಕೊಂಡು ನನ್ನ ಕಡೆ ತಿರುಗಿದಳು.

“ನಾಚಿಕೆ. ಯಾಕೆ ಮಿಸ್?”

“ಶುಕ್ರವಾರ ನಿನ್ನ ಮೇಲೆ ಕೂಗಾಡ್ಬಿಟ್ಟೆ. ಅದಕ್ಕೆ.”

ಅವಳು ಯೋಚಿಸಿದಳು. “ನಂಗೂ ಅದೇ ಮಿಸ್,” ಎಂದು ತನ್ನ ಎಲೆಯನ್ನು ಮರದಿಂದ ಕಿತ್ತು ತಂದುಕೊಟ್ಟಳು. ಅದರ ಮೇಲೆ ಎಂದಿನ ಹಾಗೆ ‘ಖುಷಿ’ ಎಂದಿತ್ತು.

ಇಬ್ಬರಿಗೂ ನಗು ಬಂತು. ನನಗೆ ಕಣ್ಣಲ್ಲಿ ನೀರೂ ಬಂತು, ಸೀಮೆಸುಣ್ಣದ ಪುಡಿ ಇರಬೇಕು.

ನಾಳೆಯಿಂದ ಸಂಜೆ ಎಲೆ ಉದುರಿಸುವ ಕೆಲಸ ಅವಳದು. ಒಂದೊಂದೇ ಕಿತ್ತು, ಓದಿ, ಬುಟ್ಟಿಗೆ ಹಾಕಬೇಕು. ಓದದ ಎಲೆ ಮರದಲ್ಲೇ ಇರಲಿ.

ಅಕ್ಟೋಬರ್ ೧೬, ಗುರುವಾರ

ಈ ಎಲೆಗಳಲ್ಲಿ ಒಂದು ಲಾಭವಿದೆ, ಬಾಯಿಪಾಠ ಮಾಡಲಾಗುವುದಿಲ್ಲ. ದಿನವೂ ಹೊಸದು, ಚಿತ್ರವಿಲ್ಲ, ನಾನೂ ಓದಿ ಹೇಳುವುದಿಲ್ಲ. ಮೊದಲ ದಿನ ನಾಲ್ಕು ಎಲೆ ಉದುರಿತು. ಆಮೇಲೆ ಏಳು. ಇವತ್ತು ಹದಿನಾರು. ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ. ಅಂಥವನ್ನು ಒಂದು ಕೊಂಬೆಗೆ ಸೇರಿಸಿ, ಅದಕ್ಕೆ ‘ಹಟದ ಕೊಂಬೆ’ ಎಂದು ಹೆಸರಿಟ್ಟಿದ್ದಾಳೆ. ‘ಅಜ್ಜಿ’, ‘ಸಿಟ್ಟು’, ‘ಹಲ್ಲು ನೋವು’ ಎಲ್ಲ ಅಲ್ಲಿ ತೂಗಾಡುತ್ತಿವೆ.

ಎಲೆಗಳನ್ನು ಅವಳು ಓದುತ್ತಾಳೆಂದು ಉಳಿದವರಿಗೆ ಗೊತ್ತಾಗಿದೆ. ನಗುತ್ತಾರೇನೋ ಎಂದುಕೊಂಡಿದ್ದೆ. ಅದರ ಬದಲು ಅವರು ಉದ್ದ ಬರೆಯತೊಡಗಿದ್ದಾರೆ. ಒಂದು ಪದ ಸಾಲದೆ ಎಲೆಯ ಹಿಂಬದಿಗೂ ಹೋಗುತ್ತಿದೆ. ಸೋಮವಾರ ಮುಂದಿನ ಬೆಂಚಿನ ದಪ್ಪ ಕನ್ನಡಕದವನು ‘ನನಗೂ ಆಡಲು ಜೊತೆ ಬೇಕು’ ಎಂದು ಬರೆದಿದ್ದ. ಎರಡುಜಡೆ ಅದನ್ನು ಬುಟ್ಟಿಗೆ ಹಾಕದೆ ಜೇಬಿಗೆ ಹಾಕಿಕೊಂಡಳು. ಮರುದಿನ ಬಿಡುವಿನಲ್ಲಿ ಇಬ್ಬರೂ ಗೇಟಿನ ಹತ್ತಿರ ಕುಂಟಾಟ ಆಡುತ್ತಿದ್ದರು. ಅವನಿಗೆ ಒಂದೇ ಕಾಲಲ್ಲಿ ನಿಲ್ಲಲೂ ಬರುವುದಿಲ್ಲ, ಆದರೂ ಆಡುತ್ತಿದ್ದ.

ಇದನ್ನು ರಿಜಿಸ್ಟರಿನ ಯಾವ ಅಂಕಣದಲ್ಲಿ ಬರೆಯಬೇಕು, ಓದಿನದಾ, ಭಾವನೆಯದಾ, ಗೊತ್ತಾಗದೆ ಎರಡರಲ್ಲೂ ಬರೆದೆ.

ಅಕ್ಟೋಬರ್ ೨೪, ಶುಕ್ರವಾರ

ಇವತ್ತು ಊಟಕ್ಕೆ ಕೂತಾಗ ಸುಮ್ಮನೆ ಬಾಯಿಗೆ ಬಂತು, “ನಿಮಗೆ ಹೇಗನ್ನಿಸ್ತಿದೆ?” ಎಂದು ಕೇಳಿದೆ. ಇಡೀ ದಿನ ಮಕ್ಕಳನ್ನು ಕೇಳಿ ಕೇಳಿ ಅಭ್ಯಾಸವಾಗಿಬಿಟ್ಟಿದೆ. ಇವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು ಎಂದು ನನಗೂ ಆಗಲೇ ಹೊಳೆದದ್ದು.

“ಕೈಗೆ ಕೆಲ್ಸ ಇಲ್ದೆ ಸತ್ತ ಹಾಗಿತ್ತು ಕಣೇ. ಈ ಎಲೆ ಕತ್ತರ್ಸೋ ಹೊತ್ತಲ್ಲಿ ಮಾತ್ರ ಸರಿ ಇರ್ತೀನಿ,” ಎಂದರು. “ಹೂಂ” ಎನ್ನಲಿಲ್ಲ.

ನಾನು ಇನ್ನೊಂದು ಸೌಟು ಬಡಿಸಿದೆ. ಮುಂದಿನ ವಾರ ಶಾಲೆಗೆ ಬಂದು ಮಕ್ಕಳಿಗೆ ಮಡಿಕೆ ಹಾಕಿ ಕತ್ತರಿಸುವುದನ್ನು ತೋರಿಸಿ ಎಂದೆ. ಗಡ್ಡ ಬೋಳಿಸಿಕೊಳ್ಳಬೇಕಾ ಎಂದು ಕೇಳಿದರು.

ಅಕ್ಟೋಬರ್ ೩೧, ಶುಕ್ರವಾರ

ಹಟದ ಕೊಂಬೆ ಬೋಳಾಯಿತು! ಮೂವತ್ತೊಂದಕ್ಕೆ ಮೂವತ್ತೊಂದು. ನನ್ನದನ್ನೂ ಸೇರಿಸಿದರೆ ಮೂವತ್ತೆರಡು. ಇವರ ಒಂದೆಲೆಯೂ ಇತ್ತು, ಎಲೆ ಕತ್ತರಿಸಲು ಬಂದಾಗ ಮಕ್ಕಳು ಬಿಡದೆ ಬರೆಸಿದ್ದರು. ಇವರ ಕೈಬರಹವನ್ನು ಅಂಗಡಿಯ ಹುಡುಗರೂ ಓದಲಾರದೆ ಒದ್ದಾಡುತ್ತಿದ್ದರು, ಅದನ್ನೂ ಓದಿದಳು. ಏನಿತ್ತು ಎಂದು ನಾನು ಕೇಳಿದರೆ, ನೀವೇ ಓದ್ಕೊಳ್ಳಿ ಮಿಸ್ ಎಂದಳು.

ಓದಿಕೊಂಡೆ. ಇಲ್ಲಿ ಬರೆಯುವುದಿಲ್ಲ.

ನವೆಂಬರ್ ೩, ಸೋಮವಾರ

ಇವತ್ತು ಹೆಡ್‌ಮಿಸ್ ಸಂಜೆ ಬಂದು ಒಂದು ಹೊಸ ಪುಸ್ತಕ ಕೊಟ್ಟು ಓದಿಸಿದಳು. ಎರಡುಜಡೆ ಎದ್ದು ನಿಂತಳು, ಬಾಯಿ ತೆರೆದಳು, ಅಲ್ಲಿಗೆ ನಿಂತಿತು. ಒಂದು ಅಕ್ಷರ ಹೊರಡಲಿಲ್ಲ. ಕಿವಿ ಕೆಂಪಾಯಿತು. ಹೊರಗಿನವರ ಮುಂದೆ ಪುಸ್ತಕ ಹಿಡಿದರೆ ಆ ಶುಕ್ರವಾರ ನೆನಪಾಗುತ್ತದೆ ಅವಳಿಗೆ. ಇದು ಅಕ್ಷರದ ತೊಂದರೆಯಲ್ಲ, ನಾನು ಮಾಡಿದ ತೊಂದರೆ.

ಆಮೇಲೆ ಇಬ್ಬರೇ ಕೂತು ಕಾಗೆಯ ಪುಸ್ತಕ ತೆಗೆದೆವು. ಬೋಳು ಮರದ ಪುಟ. ಈಗ ಕಾಗೆಗೆ ಏನನ್ನಿಸಿತು ಎಂದು ಕೇಳಿದೆ. ಭಯ ಎಂದಳು. ಭಯ ಆದಾಗ ಕಾಗೆ ಏನು ಮಾಡಬಹುದಿತ್ತು ಎಂದೆ. ಅಂಟಿಸೋದು ಬಿಟ್ಟು ಗುಬ್ಬಿಗಳಿಗೆ ಹೇಳಿಬಿಡಬಹುದಿತ್ತು, ನನ್ನ ಗೂಡು ಹೀಗಿದೆ, ನಂಗೆ ಭಯ ಆಗ್ತಿದೆ ಅಂತ ಎಂದಳು. ಆಮೇಲೆ ಅವಳೇ ಕೇಳಿದಳು, ಹಾಗೆ ಹೇಳಿದರೆ ಫೇಲ್ ಮಾಡುತ್ತಾರಾ ಎಂದು.

ಇಪ್ಪತ್ತಾರು ವರ್ಷದಲ್ಲಿ ಯಾವ ಮಗುವಾದರೂ ನನ್ನ ಮುಂದೆ ಹಾಗೆ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತು. ಆದರೂ ಮಾಡುವುದಿಲ್ಲ ಎಂದೆ. ಪರೀಕ್ಷಕರ ಸ್ವಭಾವ ದೇವರಿಗೇ ಗೊತ್ತು.

ನವೆಂಬರ್ ೬, ಗುರುವಾರ

ಎಲ್ಲವನ್ನೂ ಬರೆದಿಡುತ್ತೇನೆ, ಒಂದು ಮಾತೂ ಬಿಡುವುದಿಲ್ಲ.

ಪರೀಕ್ಷಕರು ಉದ್ದನೆಯ ಮನುಷ್ಯ, ಕೋಟಿನ ಜೇಬಿನಲ್ಲಿ ಮೂರು ಪೆನ್ನು. ನಮ್ಮ ಸಣ್ಣ ಕುರ್ಚಿಯಲ್ಲಿ ಕೂತಾಗ ಮೊಣಕಾಲು ಅವರ ಗಲ್ಲಕ್ಕೂ ಬಂತು, ನನಗೆ ಸ್ವಲ್ಪ ಸಮಾಧಾನವಾಯಿತು. ಹೆಡ್‌ಮಿಸ್ ಬಾಗಿಲ ಹತ್ತಿರ, ನಾನು ಹಲಗೆಯ ಹತ್ತಿರ. ಬಾಯಿ ಬಿಡುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಹೊಸ ಪುಸ್ತಕ, ಅಂಗಡಿಯ ಕಟ್ಟು ಆಗಷ್ಟೇ ಬಿಚ್ಚಿದ್ದು. ಎರಡುಜಡೆಯದು ಇಪ್ಪತ್ತೆಂಟನೆಯ ಸರದಿ. ಅವಳಿಗೆ ಬಂದದ್ದು ದೋಣಿ ದುರಸ್ತಿ ಮಾಡುವ ಒಬ್ಬ ಅಜ್ಜಿಯ ಕಥೆ.

ಎರಡು ಸಾಲು ಓದಿ ನಿಂತಳು. ಕಿವಿ ಕೆಂಪಾಯಿತು. ನಾನು ಕೈಯಲ್ಲಿದ್ದ ಸೀಮೆಸುಣ್ಣವನ್ನು ಎರಡು ತುಂಡು ಮಾಡಿದೆ. ಪರೀಕ್ಷಕರು ಪೆನ್ನು ತೆಗೆದು ಹಾಳೆಯ ಮೇಲಿಟ್ಟರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ದಪ್ಪ ಕನ್ನಡಕದವನು ಹಿಂದಕ್ಕೆ ತಿರುಗಿ ಗುರಾಯಿಸಿದ.

ಅವಳು ಪುಸ್ತಕ ಕೆಳಗಿಳಿಸಿ ಅವರನ್ನೇ ನೋಡಿದಳು.

“ಸರ್, ನಂಗೆ ಸ್ವಲ್ಪ ಭಯ ಆಗ್ತಿದೆ. ಒಂದ್ನಿಮಿಷ ಕೊಡಿ. ಓದ್ತೀನಿ.”

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. “ಎರಡು ನಿಮಿಷ ತಗೋಮ್ಮ,” ಎಂದರು.

ಒಂದೇ ಸಾಕಾಯಿತು. ಬೆರಳಿಟ್ಟು ಮತ್ತೆ ಮೊದಲಿಂದ ಓದಿದಳು. ಮುತ್ತು ಪೋಣಿಸಿದ ಹಾಗೆ ಅಲ್ಲ. ಕಲ್ಲುದಾರಿಯಲ್ಲಿ ಗಾಡಿ ಹೋದ ಹಾಗೆ, ನಿಂತು, ಎಳೆದು, ಮತ್ತೆ ನಿಂತು. ‘ಹುಟ್ಟು’ ಎಂಬ ಪದದ ಹತ್ತಿರ ಒಂದು ಕ್ಷಣ ಒದ್ದಾಡಿ ದಾಟಿದಳು. ಇಷ್ಟು ಚೆಂದದ ಓದನ್ನು ನಾನು ಕೇಳಿಲ್ಲ. ಪುಟ ಮಗುಚಿದಳು, ಒಂದು ಸಾಲು ಓದಿ ಮತ್ತೆ ನಿಂತಳು.

ಹೆಡ್‌ಮಿಸ್ ಬಾಗಿಲಿಗೆ ಒರಗಿಕೊಂಡಳು.

“ಸರ್, ಮಾತು ಕೂಡ್ತಿಲ್ಲ,” ಎಂದಳು ಎರಡುಜಡೆ. “ಅಜ್ಜಿ ದಡದಲ್ಲಿದ್ರು. ಇಲ್ಲಿ ನೋಡಿದ್ರೆ ನೀರಿನ ಮಧ್ಯೆ ಇದಾರೆ. ಒಂದು ಪುಟ ಅಂಟ್ಕೊಂಡಿರ್ಬೇಕು.”

ಪುಸ್ತಕವನ್ನು ಬೆಳಕಿಗೆ ಹಿಡಿದಳು. ಬೆರಳು ನಾಲಿಗೆಗೆ ತಾಗಿಸಿ ಅಂಚನ್ನು ತಿಕ್ಕಿದಳು. ಹೊಸ ಪುಸ್ತಕ, ಎರಡು ಹಾಳೆ ಕಚ್ಚಿಕೊಂಡಿದ್ದವು, ಟಪ್ ಎಂದು ಬಿಟ್ಟುಕೊಂಡವು. ನಡುವೆ ಪೂರ್ತಿ ಒಂದು ಪುಟ, ಅಜ್ಜಿ ದೋಣಿಯನ್ನು ನೀರಿಗೆ ತಳ್ಳುತ್ತಿದ್ದಾಳೆ. ಅದನ್ನೂ ಓದಿದಳು. ಅದರ ಮುಂದಿನದನ್ನೂ ಓದಿದಳು. ಅವರು ಸಾಕು ಎಂದರೂ ಬಿಡಲಿಲ್ಲ, ಅಜ್ಜಿ ಆಚೆ ದಡ ಮುಟ್ಟುವವರೆಗೆ ಓದಿಯೇ ಪುಸ್ತಕ ಮುಚ್ಚಿದಳು.

ಮೊದಲು ಚಪ್ಪಾಳೆ ತಟ್ಟಿದ್ದು ಪ್ರಶ್ನೆಪತ್ರಿಕೆ. ಆಮೇಲೆ ಇಡೀ ತರಗತಿ. ಬೆಂಚು ಬಡಿದರು, ಕಾಲು ಬಡಿದರು, ಪಕ್ಕದ ತರಗತಿಯವರು ಕಿಟಕಿಯಲ್ಲಿ ಇಣುಕಿದರು. ನನ್ನ ತರಗತಿಯಲ್ಲಿ ಇಂಥ ಗದ್ದಲ ಹಿಂದೆಂದೂ ಆಗಿರಲಿಲ್ಲ. ಸುಮ್ಮನಿರಿ ಎಂದು ಹೇಳಬೇಕಾದವಳು ನಾನೇ, ಆದರೆ ನಾನೂ ಡಸ್ಟರಿನಿಂದ ಮೇಜು ಬಡಿಯುತ್ತಿದ್ದೆ.

ಪರೀಕ್ಷಕರು ಹೋಗುವಾಗ, ಈ ವಾರ ಮೂರು ಶಾಲೆಯಲ್ಲಿ ಆ ಪುಸ್ತಕವನ್ನು ಓದಿಸಿದೆ, ಪುಟ ಬಿಟ್ಟುಹೋಗಿದೆ ಎಂದು ಯಾರೂ ಹೇಳಲಿಲ್ಲ, ನನಗೂ ಗೊತ್ತಾಗಲಿಲ್ಲ ಎಂದರು. ಕಟ್ಟು ಆಗಷ್ಟೇ ಬಿಚ್ಚಿದ್ದಲ್ಲವಾ ಎಂದು ಕೇಳಿದೆ. ಆ ಮೂರು ಶಾಲೆಯ ಪುಸ್ತಕಗಳೂ ಒಂದೇ ಅಚ್ಚಿನವು, ಎಲ್ಲ ಹಾಗೇ ಅಂಟಿಕೊಂಡಿರಬೇಕು ಎಂದು ತಲೆ ಕೆರೆದುಕೊಂಡರು. ಕುರ್ಚಿಯಿಂದ ಏಳಲು ನಾನೇ ಕೈ ಕೊಟ್ಟೆ.

ನವೆಂಬರ್ ೭, ಶುಕ್ರವಾರ

ಫಲಿತಾಂಶದ ಹಾಳೆ ಬಂತು. ರಿಜಿಸ್ಟರಿನಲ್ಲಿ ಹೊಡೆದುಹಾಕಿದ ಸಾಲಿನ ಕೆಳಗೆ ‘ಓದುತ್ತಾಳೆ’ ಎಂದು ಬರೆದೆ. ‘ಚೆನ್ನಾಗಿ’ ಎನ್ನುವುದನ್ನು ಸೇರಿಸಲಿಲ್ಲ. ಓದುತ್ತಾಳೆ ಎಂದರೆ ಓದುತ್ತಾಳೆ.

ಸಂಜೆ ಅವಳ ತಾಯಿ ಲಾಂಡ್ರಿಯಿಂದ ನೇರವಾಗಿ ಬಂದಿದ್ದಳು, ಒಂದು ಕೈಯಲ್ಲಿ ಚಿಕ್ಕವಳು. ಎರಡುಜಡೆ ಅಮ್ಮನನ್ನು ಮರದ ಹತ್ತಿರ ಎಳೆದುಕೊಂಡು ಹೋಗಿ ತನ್ನ ಎಲೆಯ ಮುಂದೆ ನಿಲ್ಲಿಸಿದಳು. ಓದಿ ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ಅಮ್ಮನ ಸುಟ್ಟ ಬೆರಳನ್ನು ಹಿಡಿದು ಮೊದಲ ಅಕ್ಷರದ ಮೇಲಿಟ್ಟು, ಇದು ಯಾವ್ದು ಹೇಳು, ಮೊನ್ನೆ ಹೇಳ್ಕೊಟ್ಟಿದ್ನಲ್ಲ ಎಂದು ಕಾದಳು. ಆ ತಾಯಿ ನನ್ನ ಕಡೆ ನೋಡಿ ನಾಚಿದಳು, ಆಮೇಲೆ ಹೇಳಿದಳು. ಅವರು ಮೂವರೂ ಹೋಗುವಾಗ ಶಾಲೆಯ ದೀಪಗಳನ್ನು ಆರಿಸುತ್ತಿದ್ದರು.

ಇವರು ಎಂಟು ಗಂಟೆಗೆ ಕತ್ತರಿ ಹಿಡಿದು ಕೂತಿದ್ದರು. ಕಂದು ಕಾಗದ ಮುಗಿಯಿತಂತೆ, ಸೋಮವಾರಕ್ಕೆ ನಾಲ್ಕು ಎಲೆ ಕಡಿಮೆ ಇವೆ, ಯಾವುದಾದರೂ ಕಾಗದ ಕೊಡು ಎಂದರು. ಡ್ರಾಯರ್ ಎಳೆದು ಕೈಗೆ ಸಿಕ್ಕಿದ ಹಾಳೆ ಕೊಟ್ಟೆ. ಇವರು ಕಣ್ಣಿನ ಹತ್ತಿರ ಹಿಡಿದು, ಇದರಲ್ಲಿ ಏನೋ ಬರೆದಿದೆಯಲ್ಲ, ನಿನ್ನ ಸಹಿ ಇದೆ, ಬೇಕಾ ಎಂದು ಕೇಳಿದರು. ನೋಡಿದೆ. ಗಣಿತಕ್ಕೆ ಮರಳಿಸಬೇಕೆಂಬ ಅರ್ಜಿ. ಕೊಡಲು ಇವತ್ತೇ ಕೊನೆಯ ದಿನವಾಗಿತ್ತು. ಹಿಂಬದಿ ಖಾಲಿ ಇತ್ತು.

ನಾಲ್ಕು ಎಲೆ ಸರಿಯಾಗಿ ಬಂದವು.